ನಾಲ್ಕು ತಿಂಗಳ ಮಳೆ, ಎಂಟು ತಿಂಗಳ ನೀರು

ವರ್ಷಕ್ಕೆ ಸುಮಾರು 3500 ಮಿಲಿಮೀಟರ್ ಮಳೆ ಸುರಿಯುವ ಕಾಸರಗೋಡು ಜಿಲ್ಲೆಯಲ್ಲಿ ಏಪ್ರಿಲ್ ತಿಂಗಳಾಗುವಾಗ ಕುಡಿಯುವ ನೀರಿನ ಲಾರಿ ಬರುತ್ತದೆಂದರೆ ಹೊರಗಿನವರು ನಂಬುವುದಿಲ್ಲ. ಘಟ್ಟದ ಮೇಲಿನ ಬಯಲುಸೀಮೆಯಿಂದ ನಮ್ಮ ಬ್ಯಾಂಕಿಗೆ ವರ್ಗವಾಗಿ ಬಂದವರಿಗೆ ಇದನ್ನು ವಿವರಿಸಿ ನನಗೆ ಸಾಕಾಗಿದೆ. ಅವರ ಊರಲ್ಲಿ ಇಡೀ ವರ್ಷ ಬೀಳುವಷ್ಟು ಮಳೆ ನಮ್ಮಲ್ಲಿ ಜುಲೈ ಒಂದರಲ್ಲೇ ಬಿದ್ದು ಹೋಗುತ್ತದೆ. 'ಹೋಗುತ್ತದೆ' ಎಂಬ ಮಾತನ್ನು ಗಮನಿಸಬೇಕು. ಗುಡ್ಡೆಯಿಂದ ಕಡಲಿಗೆ ನಮ್ಮಲ್ಲಿ ಹೆಚ್ಚು ದೂರವಿಲ್ಲ. ಜಿಲ್ಲೆಯಲ್ಲಿ 12 ಹೊಳೆಗಳಿದ್ದರೂ ಅತಿ ದೊಡ್ಡದಾದ ಚಂದ್ರಗಿರಿಯ ಉದ್ದ 105 ಕಿಲೋಮೀಟರ್ ಮಾತ್ರ. ಉಳಿದವು ಅದಕ್ಕಿಂತಲೂ ಮೋಟು. ಜೂನಿನಿಂದ ಸಪ್ಟೆಂಬರ್ ವರೆಗೆ ನೀರೇ ನೀರು. ಅನಂತರದ ಎಂಟು ತಿಂಗಳನ್ನು ಅದೇ ನೀರಿನ ನೆನಪಿನಲ್ಲಿ ಕಳೆಯಬೇಕು.

ಹವಾಮಾನ ಬದಲಾಗುತ್ತಿದೆ, ಅದಕ್ಕೆ ಸಮಾಜ ಹೇಗೆ ಒಗ್ಗಿಕೊಳ್ಳಬೇಕು ಎಂಬ ಚರ್ಚೆ ಇಂದು ಜಗತ್ತಿನೆಲ್ಲೆಡೆ ನಡೆಯುತ್ತಿದೆ. ನಮ್ಮ ಈ ಗಡಿನಾಡಿನ ಮಟ್ಟಿಗೆ ಈ ಪ್ರಶ್ನೆ ಹೊಸತಲ್ಲ. ಅತಿಯಾದ ಮಳೆ, ಅತಿಯಾದ ಬೇಸಗೆ ಇವೆರಡರ ನಡುವೆ ಬದುಕು ಕಟ್ಟಿಕೊಳ್ಳುವುದೇ ಇಲ್ಲಿನ ಚರಿತ್ರೆಯ ಮುಖ್ಯ ಅಧ್ಯಾಯ. ದುರ್ದೈವವಶಾತ್ ನಮ್ಮ ಚರಿತ್ರೆಯ ಪುಸ್ತಕಗಳಲ್ಲಿ ಕುಂಬಳೆಯ ಅರಸರು, ಇಕ್ಕೇರಿಯ ನಾಯಕರು, ಬೇಕಲದ ಕೋಟೆ ಇಷ್ಟೇ ಬರುತ್ತವೆ. ಮಣ್ಣಿನ ಕಟ್ಟಕ್ಕೂ ಗುಡ್ಡೆಯೊಳಗಿನ ಸುರಂಗಕ್ಕೂ ಶಾಸನವಿಲ್ಲ. ಆದುದರಿಂದಲೋ ಏನೋ ಈಚೆಗೆ ಅವುಗಳ ಬಗ್ಗೆ ಬರೆಯುವವರು ಬರಿಯ ಹೊಗಳಿಕೆಗೆ ಇಳಿದುಬಿಡುತ್ತಾರೆ. 'ಹಿಂದಿನವರು ಎಷ್ಟು ಜಾಣರು' ಎಂಬಲ್ಲಿಗೆ ಲೇಖನ ಮುಗಿಯುತ್ತದೆ. ಅವರು ಜಾಣರೇ, ಅದರಲ್ಲಿ ಸಂಶಯವಿಲ್ಲ. ಆದರೆ ಆ ಜಾಣತನದ ಹಿಂದೆ ಯಾರ ಯಾರ ನಡುವೆ ಯಾವ ಒಪ್ಪಂದವಿತ್ತು, ಕೂಲಿ ಯಾರದು, ನೀರು ಯಾರದು ಎಂದು ಕೇಳದಿದ್ದರೆ, ಅದು ಈಗ ಏಕೆ ಕುಸಿದಿದೆ ಎಂಬುದೂ ಅರ್ಥವಾಗುವುದಿಲ್ಲ.

ಮೊದಲು ನೆಲದ ಮಾತು. ಈಸ್ಟ್ ಇಂಡಿಯಾ ಕಂಪೆನಿಯ ವೈದ್ಯ ಫ್ರಾನ್ಸಿಸ್ ಬುಕಾನನ್ 1800-1801ರಲ್ಲಿ ಮೈಸೂರು, ಮಲಬಾರು, ಕನ್ನಡ ಜಿಲ್ಲೆಗಳನ್ನು ಸುತ್ತಿದ. ಮಲಬಾರಿನ ಅಂಗಾಡಿಪುರದ ಬಳಿ ಅವನು ಒಂದು ವಿಚಿತ್ರವಾದ ಕಲ್ಲನ್ನು ಕಂಡ. ನೆಲದೊಳಗಿರುವಾಗ ಕಬ್ಬಿಣದ ಉಳಿಯಿಂದ ಕಡಿಯುವಷ್ಟು ಮೆದು, ಗಾಳಿಗೆ ಒಡ್ಡಿದರೆ ಇಟ್ಟಿಗೆಯಂತೆ ಗಟ್ಟಿ. ಇಟ್ಟಿಗೆಗೆ ಲ್ಯಾಟಿನ್ ಭಾಷೆಯಲ್ಲಿರುವ ಶಬ್ದದಿಂದ ಅವನು ಅದಕ್ಕೆ 'ಲ್ಯಾಟರೈಟ್' ಎಂದು ಹೆಸರಿಟ್ಟ. ಇಂದು ಪ್ರಪಂಚದ ಎಲ್ಲ ಭೂಗರ್ಭಶಾಸ್ತ್ರಜ್ಞರೂ ಬಳಸುವ ಹೆಸರು ಅದು. ನಮಗದು ಮುರಕಲ್ಲು, ಮಲಯಾಳದ ಬಂಧುಗಳಿಗೆ ಚೆಂಗಲ್ಲು. ನಮ್ಮ ಮನೆಯ ಗೋಡೆಯೂ ಅದರದ್ದೇ, ಅಂಗಳದಾಚೆಯ ಗುಡ್ಡೆಯೂ ಅದರದ್ದೇ. ಮೈತುಂಬ ತೂತುಗಳಿರುವ ಈ ಕಲ್ಲು ಮಳೆಗಾಲದಲ್ಲಿ ನೀರನ್ನು ಕುಡಿಯುತ್ತದೆ, ಮಳೆ ನಿಂತ ಮೇಲೆ ಅಡಿಯಿಂದ ನಿಧಾನವಾಗಿ ಸೋರುತ್ತದೆ. ಮೇಲೆ ಮರಗಿಡಗಳಿದ್ದರೆ ಹೆಚ್ಚು ಕುಡಿಯುತ್ತದೆ, ಬೋಳಾದರೆ ಕಡಿಮೆ. ಈ ಊರಿನ ನೀರಿನ ಉಪಾಯಗಳೆಲ್ಲ ಈ ಒಂದು ಗುಣದ ಮೇಲೆ ನಿಂತಿವೆ.

ಆ ನೆಲವನ್ನು ನಮ್ಮವರು ನೀರಿನ ಲೆಕ್ಕದಲ್ಲಿ ಮೂರಾಗಿ ವಿಂಗಡಿಸಿದರು. ಎರಡು ಗುಡ್ಡೆಗಳ ನಡುವೆ ತೋಡಿನ ಬದಿಯ ಗದ್ದೆ ಬೈಲು. ಅದಕ್ಕಿಂತ ಮೇಲಿನದು ಮಜಲು. ಮಳೆಯನ್ನೇ ನಂಬಿದ ಎತ್ತರದ ಗದ್ದೆ ಬೆಟ್ಟು. ಬೆಟ್ಟಿನಲ್ಲಿ ಏಣಿಲು ಒಂದೇ ಬೆಳೆ. ಮಜಲಿನಲ್ಲಿ ಏಣಿಲಿನ ಬಳಿಕ ಸುಗ್ಗಿ. ಬೈಲಿನಲ್ಲಿ ಇವೆರಡರ ಮೇಲೆ ಬೇಸಗೆಯ ಕೊಳಕೆಯೂ ಆಗುತ್ತಿತ್ತು. ಹೊರನೋಟಕ್ಕೆ ಇದು ಬರಿಯ ಬೇಸಾಯದ ವಿವರ. ಸ್ವಲ್ಪ ಯೋಚಿಸಿದರೆ, ಒಂದು ವರ್ಷ ಮಳೆ ಬೇಗ ಬಿಟ್ಟಿತೆನ್ನಿ, ಬೆಟ್ಟು ಸೋತರೂ ಬೈಲು ಉಳಿಯುತ್ತದೆ. ಬೊಳ್ಳ ಬಂದು ಬೈಲು ಮುಳುಗಿತೆನ್ನಿ, ಬೆಟ್ಟಿನಲ್ಲಿ ನಾಲ್ಕು ಸೇರು ಭತ್ತ ಸಿಗುತ್ತದೆ. ಹಿರಿಯರು ಇಂದಿಗೂ ಮಾತಿನಲ್ಲಿ ತರುವ 1923ರ ಮಾರಿ ಬೊಳ್ಳದಂಥ ನೆರೆಯಲ್ಲೂ ಮೂರು ನೆಲೆಯಲ್ಲಿ ಗದ್ದೆಯಿದ್ದವನಿಗೂ ಒಂದೇ ನೆಲೆಯಲ್ಲಿ ಇದ್ದವನಿಗೂ ಪಾಡು ಒಂದೇ ಆಗಿರಲಾರದು. ನಮ್ಮ ಬ್ಯಾಂಕಿನವರು ಈಗ 'ರಿಸ್ಕ್' ಹಂಚುವುದು ಎನ್ನುತ್ತೇವಲ್ಲ, ಅದೇ ಇದು. ಮದರಾಸು ಸರಕಾರದ ಸೆಟ್ಲ್‌ಮೆಂಟಿನವರು ಇದನ್ನೇ ನಂಜ, ಪುಂಜ, ಬಾಗಾಯ್ತು ಎಂದು ಬರೆದುಕೊಂಡರು. ಇಂದಿನ ಕಂದಾಯ ದಾಖಲೆಯಲ್ಲಿ ನಿಲಂ, ಪುರಯಿಡಂ ಎಂದು ಎರಡೇ ಕಾಲಂ. ಮಜಲೂ ಬೆಟ್ಟೂ ಮನೆತನದ ಹೆಸರುಗಳಲ್ಲಿ, ಬಸ್ ಸ್ಟಾಪುಗಳ ಬೋರ್ಡಿನಲ್ಲಿ ಮಾತ್ರ ಉಳಿದುಕೊಂಡಿವೆ. ಹೆಸರು ಹೋದರೆ ಜ್ಞಾನ ಹೋಯಿತೆಂದು ಹೇಳುವಷ್ಟು ಭಾವುಕ ನಾನಲ್ಲ. ಆದರೆ ಬೆಟ್ಟನ್ನೂ ಮಜಲನ್ನೂ ಒಂದೇ ಕಾಲಂನಲ್ಲಿ ಬರೆದ ಮೇಲೆ, ಎಲ್ಲಿ ಎಷ್ಟು ನೀರು ನಿಲ್ಲುತ್ತದೆಂದು ಕೇಳುವ ಅಧಿಕಾರಿಯೂ ಇರುವುದಿಲ್ಲ.

ಕಾಲದ ವಿಂಗಡಣೆಯೂ ಹೀಗೆಯೇ. ಬೇಶ ತಿಂಗಳ ಹತ್ತನೆಯ ದಿನ ಪತ್ತನಾಜೆ. ಅಂದಿಗೆ ಕೋಲ, ಆಟ, ಜಾತ್ರೆಗಳಿಗೆ ವಿರಾಮ, ಮುಂದೆ ಮಣ್ಣಿನ ಕೆಲಸ. ಮಳೆ ಕೈಕೊಡುವ ಮೊದಲು ಊರಿನ ಆಳುಕಾಳನ್ನೆಲ್ಲ ಗದ್ದೆಗೆ ಬಿಟ್ಟುಕೊಡುವ ಏರ್ಪಾಡು ಇದಲ್ಲದೆ ಮತ್ತೇನು? ಆಟಿಯ ಹಸಿವಿಗೆ ಉಪ್ಪಿನಲ್ಲಿ ಹಾಕಿಟ್ಟ ಹಲಸಿನ ಸೊಳೆ, ಮಣ್ಣು ಸವರಿಟ್ಟ ಬೇಳೆ, ಗುಡ್ಡೆಯ ತಜಂಕು. ಈಗ ಆಟಿಯ ಹೆಸರಿನಲ್ಲಿ ಸಭೆ ನಡೆದು ನೂರು ಬಗೆಯ ಭಕ್ಷ್ಯಗಳಾಗುತ್ತವೆ. ಅದು ಬರಗಾಲದ ಊಟವಾಗಿತ್ತು ಎಂಬುದನ್ನು ಯಾರೂ ಮೈಕಿನಲ್ಲಿ ಹೇಳುವುದಿಲ್ಲ.

ಇನ್ನು ಕಟ್ಟ. ಮಲಯಾಳದಲ್ಲಿ ತಡಯಣ. ಮಳೆ ಪೂರ್ತಿ ಬಿಟ್ಟು ತೋಡಿನ ಹರಿವು ಸಣ್ಣದಾಗುವ ನವಂಬರ್ ಕೊನೆ, ದಶಂಬರದ ಹೊತ್ತಿಗೆ ತೋಡಿಗೆ ಅಡ್ಡಲಾಗಿ ಕಟ್ಟುತ್ತಾರೆ. ಕಾಡುಕಲ್ಲಿನ ಎರಡು ಸಾಲು, ನಡುವೆ ತುಳಿದು ಹದಮಾಡಿದ ಮಣ್ಣು, ಸೊಪ್ಪು, ಒತ್ತಿಗೆ ಅಡಿಕೆ ಮರದ ಸೀಳು. ಆಳೆತ್ತರಕ್ಕೆ ನೀರು ನಿಂತರೆ ದೊಡ್ಡ ಕಟ್ಟವೇ ಆಯಿತು. ಆ ನೀರು ಎರಡು ಬದಿಯ ತೋಟಗಳಿಗೆ ಚಾಲಿನಲ್ಲಿ ಹರಿಯುವುದು ಕಣ್ಣಿಗೆ ಕಾಣುವ ಲಾಭ. ಅದಕ್ಕಿಂತ ದೊಡ್ಡ ಲಾಭ ಕಣ್ಣಿಗೆ ಕಾಣುವುದಿಲ್ಲ. ನಿಂತ ನೀರು ಬದಿಯ ಮುರಕಲ್ಲಿಗೆ ಇಳಿದು ಸುತ್ತಲಿನ ಬಾವಿಗಳ ನೀರು ಏರುತ್ತದೆ. ಕಟ್ಟಕ್ಕೆ ಒಂದು ಕಾಸು ಕೊಡದವನ ಬಾವಿಯೂ ಏರುತ್ತದೆ! ಜಗಳಗಳು ಹುಟ್ಟುತ್ತಿದ್ದುದೂ ಇಲ್ಲಿಯೇ. ಜೂನಿನ ಮೊದಲ ಬೊಳ್ಳಕ್ಕೆ ಕಟ್ಟ ಒಡೆದು ಹೋಗುತ್ತದೆ, ಹೋಗಬೇಕು ಕೂಡ. ನಿಂತರೆ ಬೈಲೆಲ್ಲ ಮುಳುಗೀತು. ಮರುವರ್ಷ ಮತ್ತೆ ಕಟ್ಟಬೇಕು.

ಅಂದರೆ ಕಟ್ಟವೆಂಬುದು ಒಮ್ಮೆ ಕಟ್ಟಿ ಮುಗಿಯುವ ಕೆಲಸವಲ್ಲ, ಪ್ರತಿ ವರ್ಷ ಹತ್ತು ಮನೆಯವರು ಒಂದು ಮಾತಿಗೆ ಬರಬೇಕಾದ ಕೆಲಸ. ಯಾರ ತೋಟ ಎಷ್ಟು, ಯಾರಿಂದ ಎಷ್ಟು ಆಳು, ಮೇಲಿನ ಕಟ್ಟದವನು ಕೆಳಗಿನವನಿಗೆ ನೀರು ಯಾವಾಗ ಬಿಡಬೇಕು ಇದೆಲ್ಲ ಮಾತಿನಲ್ಲೇ ತೀರ್ಮಾನವಾಗುತ್ತಿತ್ತು. ಕುಂಬ್ಡಾಜೆ ಪಂಚಾಯತಿನ ಏತಡ್ಕದ ತೋಡಿನಲ್ಲಿ ಒಂದರ ಕೆಳಗೊಂದರಂತೆ ಸಾಲು ಕಟ್ಟಗಳನ್ನು ಕಟ್ಟುವ ಕ್ರಮವನ್ನು ಪತ್ರಕರ್ತ ಶ್ರೀಪಡ್ರೆಯವರು ಬರೆದು ಹೊರಜಗತ್ತಿಗೆ ತಿಳಿಸಿದರು. ಒಂದೇ ಕಟ್ಟವಾದರೆ ಅದರ ನೀರು ಅದರ ಬದಿಗೆ. ಸಾಲು ಕಟ್ಟವಾದರೆ ಇಡೀ ತೋಡು ಬೇಸಗೆಯಲ್ಲಿ ಒಂದು ಉದ್ದದ ಕೆರೆ. ಗುಡ್ಡೆಯ ತಗ್ಗಿನಲ್ಲಿ ಏರಿ ಹಾಕಿ ಮಳೆನೀರು ನಿಲ್ಲಿಸುವ ಮಡಕಗಳೂ ಇದ್ದವು. ಬೈಲಿನ ಬಾವಿಗೆ ಗುಡ್ಡೆಯ ಮೇಲೆಯೇ ನೀರು ಕುಡಿಸುವ ವಿದ್ಯೆ ಅದು. ಅನೇಕ ಮಡಕಗಳು ಈಗ ಹೂಳು ತುಂಬಿ ಆಟದ ಬಯಲಾಗಿವೆ.

ಈ ಹತ್ತು ಮನೆಯವರ ಒಪ್ಪಂದದಲ್ಲಿ ಹನ್ನೊಂದನೆಯವನೊಬ್ಬನಿದ್ದ. ಕಲ್ಲು ಹೊತ್ತವನು, ಮಣ್ಣು ತುಳಿದವನು. ಅವನು ಬಹುತೇಕ ಮೂಲದಾಳು, ಧಣಿಯ ಹೊಲಕ್ಕೆ ಅಂಟಿಕೊಂಡ ಜೀವ. ಈ ಕರಾವಳಿಯ ಜೀತದ ಆಳುಗಳ ಸ್ಥಿತಿಯನ್ನು ಬುಕಾನನ್ ಅಂದೇ ಬರೆದಿಟ್ಟಿದ್ದಾನೆ. 1843ರ ಕಾಯಿದೆಯಿಂದ ಕಂಪೆನಿ ಸರಕಾರವು ಗುಲಾಮಗಿರಿಗಿದ್ದ ಕಾನೂನಿನ ಮಾನ್ಯತೆಯನ್ನು ತೆಗೆದುಹಾಕಿತು. ರೂಢಿ ಮಾತ್ರ ಅನಂತರವೂ ಬಹುಕಾಲ ಉಳಿಯಿತು. ಕಟ್ಟದ ನೀರಿನಲ್ಲಿ ಅವನಿಗೆ ಪಾಲಿರಲಿಲ್ಲ, ಏಕೆಂದರೆ ಅವನಿಗೆ ತೋಟವಿರಲಿಲ್ಲ. ಧಣಿಯ ಬಾವಿಯ ಹಗ್ಗವನ್ನು ಅವನು ಮುಟ್ಟುವಂತೆಯೂ ಇರಲಿಲ್ಲ. 'ಊರೊಟ್ಟಿನ ಕೆಲಸ' ಎಂದು ನಾವು ಹೆಮ್ಮೆಯಿಂದ ಹೇಳುವಾಗ ಆ ಊರಿನಲ್ಲಿ ಅವನನ್ನು ಸೇರಿಸಿದ್ದೇವೆಯೇ ಎಂಬುದು ನನ್ನನ್ನು ಕಾಡುವ ಪ್ರಶ್ನೆ. ಹಳೆಯದನ್ನು ಹಾಗೆಯೇ ಮರಳಿ ತರೋಣ ಎನ್ನುವವರಿಗೆ ಇದಕ್ಕೆ ಉತ್ತರ ಹೇಳುವ ಹೊಣೆಯಿದೆ.

ಸುರಂಗದ ಕಥೆ ಇಲ್ಲಿಂದ ಬೇರೆಯಾಗುತ್ತದೆ. ಗುಡ್ಡೆಯ ಬದಿಗೆ ಅಡ್ಡಲಾಗಿ, ಒಬ್ಬ ಮನುಷ್ಯ ಬಗ್ಗಿ ನಡೆಯುವಷ್ಟು ಎತ್ತರ, ಎರಡಡಿ ಅಗಲಕ್ಕೆ ಕೊರೆದುಕೊಂಡು ಹೋಗುವ ಬಿಲ ಅದು. ಒಳಗೆ ಒಸರು ಸಿಕ್ಕರೆ ನೀರು ತಾನಾಗಿ ಇಳಿಜಾರಿನಲ್ಲಿ ಹೊರಗೆ ಬರುತ್ತದೆ. ದಂಬೆಯಲ್ಲೋ ಪೈಪಿನಲ್ಲೋ ಹರಿದು ಅಂಗಳದ ಟಾಂಕಿಗೆ ಬೀಳುತ್ತದೆ. ಏತ ಬೇಡ, ಪಂಪು ಬೇಡ, ಕರೆಂಟಿನ ಬಿಲ್ಲು ಬೇಡ. ಎಲ್ಲಿ ಕೊರೆಯಬೇಕೆಂಬುದನ್ನು ಬೇಸಗೆಯಲ್ಲೂ ಹಸುರಾಗಿರುವ ಮರಗಳನ್ನು, ಹುತ್ತಗಳನ್ನು ನೋಡಿ ಬಲ್ಲವರು ಹೇಳುತ್ತಿದ್ದರು. ಅಳತೆ ಕೋಲಿನ ಲೆಕ್ಕ, ಒಂದು ಕೋಲು ಸುಮಾರು ಎರಡೂವರೆ ಅಡಿ. ಒಳಗೆ ಹಚ್ಚಿಟ್ಟ ದೀಪ ಮಂಕಾದರೆ ಗಾಳಿ ಸಾಲದೆಂದು ಅರ್ಥ, ಕೂಡಲೇ ಹೊರಗೆ ಬರಬೇಕು. ನೂರು ಕೋಲು ದಾಟಿದ ಸುರಂಗಗಳೂ ಇವೆ. ಬಾಯಾರು, ಪಡ್ರೆ, ಶೇಣಿ, ಎಣ್ಮಕಜೆಯ ಕಡೆ ಗುಡ್ಡೆಗುಡ್ಡೆಗೂ ಇದನ್ನು ಕಾಣಬಹುದು.

ಇದು ಪರ್ಶಿಯಾದಿಂದ ಬಂದ ವಿದ್ಯೆಯೆಂದು ಕೆಲವರು ಬರೆಯುತ್ತಾರೆ. ಪರ್ಶಿಯಾದ ಕನಾತ್, ಒಮಾನಿನ ಫಲಜ್ ಬಹಳ ಹಳೆಯವು, ನಿಜ. ಕನ್ನಡ ನಾಡಿನೊಳಗೇ ಬೀದರಿನ ನೌಬಾದಿನಲ್ಲಿ ಬಹಮನಿ ಸುಲ್ತಾನರ ಕಾಲದ, 15ನೆಯ ಶತಮಾನದ ಕರೇಜ್ ಇದೆ. ಆದರೆ ಅವುಗಳಿಗೂ ನಮ್ಮ ಸುರಂಗಕ್ಕೂ ಒಂದು ಮೂಲಭೂತ ವ್ಯತ್ಯಾಸವಿದೆ. ಕನಾತ್ ಮೈಲುಗಟ್ಟಲೆ ಉದ್ದ, ಸಾಲಾಗಿ ಗಾಳಿಬಾವಿಗಳು, ಅದನ್ನು ತೋಡಿಸಲು ರಾಜನೋ ಶ್ರೀಮಂತನೋ ಬೇಕು, ನೀರು ಹಂಚಲು ಊರಿನ ಅಧಿಕಾರಿ ಬೇಕು. ನಮ್ಮದು ಒಂದು ಮನೆಯ ಸುರಂಗ. ಒಬ್ಬ ಮನುಷ್ಯ, ಒಂದು ಪಿಕ್ಕಾಸು, ಮಣ್ಣು ಹೊರಲು ಹೆಂಡತಿಯೋ ಮಗನೋ. ಅರಬರ ಹಡಗಿನಲ್ಲಿ ಬಂದ ವಿದ್ಯೆಯೆನ್ನುವುದಕ್ಕಿಂತ, ಮೆದುವಾದ ಮುರಕಲ್ಲೇ ಇದನ್ನು ಕಲಿಸಿತೆಂದು ನಂಬುವುದು ನನಗೆ ಸುಲಭ. ಇಂದು ಬಳಕೆಯಲ್ಲಿರುವ ಹೆಚ್ಚಿನ ಸುರಂಗಗಳು ಕಳೆದ ಶತಮಾನದಲ್ಲಿ ತೋಡಿದವು. ಅದಕ್ಕೆ ಕಾರಣವನ್ನು ಹುಡುಕಲು ದೂರ ಹೋಗಬೇಕಾಗಿಲ್ಲ. ಬೈಲಿನ ಜಾಗವೆಲ್ಲ ಹಿಂದಿನಿಂದಲೇ ಧಣಿಗಳದ್ದು. ಜನ ಹೆಚ್ಚಾದಂತೆ ಬಡವರಿಗೆ ಉಳಿದದ್ದು ಗುಡ್ಡೆ. ಅಲ್ಲಿ ಬಾವಿ ತೋಡಿದರೆ ತಳ ಕಾಣುವುದಿಲ್ಲ.

ಗಡಿಯಿಂದಾಚೆ ಕೂಗಳತೆಯಲ್ಲಿರುವ ಅಡ್ಯನಡ್ಕದ ಅಮೈ ಮಹಾಲಿಂಗ ನಾಯ್ಕರಿಗೆ 2022ರಲ್ಲಿ ಪದ್ಮಶ್ರೀ ಬಂದಾಗ ಈ ಭಾಗದವರಿಗೆಲ್ಲ ಸಂತೋಷವಾಯಿತು. ಅಡಿಕೆ ಮರ ಹತ್ತುವ ಕೂಲಿ ಕೆಲಸದವರು. ಸಿಕ್ಕಿದ್ದು ನೀರಿಲ್ಲದ ಎರಡು ಎಕ್ರೆ ಗುಡ್ಡೆ. ಹಗಲು ಬೇರೆಯವರ ತೋಟದಲ್ಲಿ ದುಡಿದು, ಉಳಿದ ಹೊತ್ತಿನಲ್ಲಿ ದೀಪ ಹಿಡಿದು ಒಬ್ಬರೇ ಸುರಂಗ ತೋಡಿದರು. ವರ್ಷಗಟ್ಟಲೆ ತೋಡಿದ್ದು ಒಣಗಿದ್ದೇ ಸಿಕ್ಕಿತು, ಮತ್ತೊಂದಕ್ಕೆ ಕೈಹಾಕಿದರು, ಕೊನೆಗೆ ನೀರು ಬಂತು, ಗುಡ್ಡೆ ತೋಟವಾಯಿತು. ಕಟ್ಟದ ಒಪ್ಪಂದದಲ್ಲಿ ಸ್ಥಳ ಸಿಗದಿದ್ದವರು ಯಾರ ಒಪ್ಪಿಗೆಯೂ ಬೇಡದ ಒಂದು ಉಪಾಯವನ್ನು ಹಿಡಿದರು ಎಂದು ನಾನು ಇದನ್ನು ಓದುತ್ತೇನೆ. ಸುರಂಗದ ಇನ್ನೊಂದು ಗುಣ, ಅದು ಒಸರಿದಷ್ಟನ್ನೇ ಕೊಡುತ್ತದೆ. ಹೆಚ್ಚು ಬೇಕೆಂದು ಎಳೆದುಕೊಳ್ಳಲು ಅದರಲ್ಲಿ ದಾರಿಯಿಲ್ಲ.

ಎಳೆದುಕೊಳ್ಳುವ ದಾರಿ ಬೋರ್‌ವೆಲ್ಲಿನೊಂದಿಗೆ ಬಂತು. 1982ರ ಮಳೆ ಸೋತು 1983ರ ಬೇಸಗೆ ಕೇರಳಕ್ಕೆಲ್ಲ ಭೀಕರವಾಯಿತು. ನಾನಾಗ ಎಳೆಗೂಸು. ಆ ವರ್ಷ ಸತ್ತ ಅಡಿಕೆ ಮರಗಳ ಲೆಕ್ಕ ಹೇಳುವ ಹಿರಿಯರು ಈಗಲೂ ನಮ್ಮ ಶಾಖೆಗೆ ಪೆನ್ಶನಿಗೆ ಬರುತ್ತಾರೆ. ಅಷ್ಟರಲ್ಲೇ ಹಳೆಯ ಏರ್ಪಾಡುಗಳು ಸಡಿಲವಾಗಿದ್ದವು. 1970ರ ಜನವರಿ 1ರಿಂದ ಕೇರಳದ ಭೂಸುಧಾರಣೆ ಜಾರಿಗೆ ಬಂದು ಗೇಣಿದಾರ ಒಡೆಯನಾದ. ಅದು ಆಗಬೇಕಾದ ನ್ಯಾಯವೇ. 1975ರ ಕಾಯಿದೆಯಿಂದ ಅವಿಭಕ್ತ ಕುಟುಂಬದ ಪದ್ಧತಿ ರದ್ದಾಗಿ ತರವಾಡುಗಳೂ ಅಳಿಯಸಂತಾನದ ಕವರುಗಳೂ ಪಾಲಾದವು. ಒಬ್ಬ ಧಣಿ ಹೇಳಿದರೆ ಏಳುತ್ತಿದ್ದ ಕಟ್ಟಕ್ಕೆ ಈಗ 20 ಜನ ಒಡೆಯರು ಸಭೆ ಸೇರಬೇಕು. ಸೇರಿದರೆ ಹಿಂದಿನದಕ್ಕಿಂತ ನ್ಯಾಯವಾದ ಕಟ್ಟವಾದೀತು. ಆದರೆ ಸೇರುವ ಅಗತ್ಯವೇ ತಪ್ಪುವಂತೆ ಬೋರಿನ ಲಾರಿ ಅಂಗಳಕ್ಕೆ ಬಂದು ನಿಂತಿತು. ಬೈಲಿನ ಗದ್ದೆಗಳು ಅಡಿಕೆ ತೋಟಗಳಾದವು. ಗದ್ದೆಗೆ ನಾಲ್ಕು ತಿಂಗಳ ನೀರು ಸಾಕು, ಅಡಿಕೆಗೆ ಮೇ ತಿಂಗಳ ವರೆಗೂ ಬೇಕು.

ಬ್ಯಾಂಕಿನವನಾಗಿ ನಾನು ಇಲ್ಲಿ ಒಂದು ಮಾತು ಹೇಳಬಹುದು. ಬಾವಿಗೆ, ಬೋರಿಗೆ, ಪಂಪುಸೆಟ್ಟಿಗೆ ಸಾಲದ ಅರ್ಜಿಗಳನ್ನು ಎಷ್ಟು ನೋಡಿದ್ದೇನೆಂದು ಲೆಕ್ಕವಿಲ್ಲ. ಕಟ್ಟಕ್ಕೆಂದು ಒಂದು ಅರ್ಜಿಯೂ ನನ್ನ ಮೇಜಿಗೆ ಬಂದಿಲ್ಲ. ಬಂದರೂ ಕೊಡುವುದು ಹೇಗೆ? ತೋಡು ಯಾರ ಹೆಸರಿನಲ್ಲೂ ಇಲ್ಲ, ಜೂನಿನಲ್ಲಿ ಕೊಚ್ಚಿಹೋಗುವ ವಸ್ತುವನ್ನು ಅಡವಿಡಲಾಗುವುದಿಲ್ಲ, ಸಾಲಗಾರ ಯಾರೆಂದು ಬರೆಯುವುದು? ಒಬ್ಬನು ಇನ್ನೊಬ್ಬನ ನೀರನ್ನು ಎಳೆಯುವುದಕ್ಕೆ ಸಾಲವಿದೆ, ಹತ್ತು ಜನ ಕೂಡಿ ನೀರು ನಿಲ್ಲಿಸುವುದಕ್ಕೆ ಇಲ್ಲ. ಇದು ಯಾವುದೇ ಒಂದು ಬ್ಯಾಂಕಿನ ತಪ್ಪಲ್ಲ, ಆಸ್ತಿಯೆಂದರೆ ಒಬ್ಬನದು ಎಂಬ ಲೆಕ್ಕಶಾಸ್ತ್ರದ ಮಿತಿ. ಕೇಂದ್ರ ಅಂತರ್ಜಲ ಮಂಡಳಿಯ ಸಮೀಕ್ಷೆಗಳಲ್ಲಿ ಕಾಸರಗೋಡು ಬ್ಲಾಕು ಗಂಭೀರ ಸ್ಥಿತಿಯ ಪಟ್ಟಿಗೆ ಸೇರಿದ್ದರ ಹಿಂದೆ ಈ ಲೆಕ್ಕಶಾಸ್ತ್ರವೂ ಇದೆ.

ಬದಲಾದ ಹವಾಮಾನ ಬಂದು ತಟ್ಟಿದ್ದು ಇಂಥ ಹೊತ್ತಿನಲ್ಲಿ. 2016ರಲ್ಲಿ ಮುಂಗಾರು ಮೂರನೆಯ ಒಂದರಷ್ಟು ಕಡಿಮೆಯಾಗಿ ಅಕ್ಟೋಬರದಲ್ಲಿ ಕೇರಳದ 14 ಜಿಲ್ಲೆಗಳನ್ನೂ ಬರಪೀಡಿತವೆಂದು ಸಾರಲಾಯಿತು. ಎರಡೇ ವರ್ಷದಲ್ಲಿ, 2018ರ ಆಗಸ್ಟಿನಲ್ಲಿ, ಶತಮಾನದ ನೆರೆ. 2021ರಲ್ಲಿ ಕೇರಳದ ತುಲಾವರ್ಷ ದಾಖಲೆ ಮುರಿಯಿತು. 2024ರ ಜುಲೈ 30ರಂದು ವಯನಾಡಿನ ಮುಂಡಕ್ಕೈ, ಚೂರಲ್ಮಲೆಗಳಲ್ಲಿ ಗುಡ್ಡ ಕುಸಿದು ಇನ್ನೂರಕ್ಕೂ ಹೆಚ್ಚು ಜನ ಸತ್ತರು. ಒಟ್ಟು ಮಳೆ ಎಷ್ಟು ಎಂಬುದಕ್ಕಿಂತ ಅದು ಯಾವಾಗ, ಎಷ್ಟು ಗಂಟೆಗಳಲ್ಲಿ ಬಿತ್ತು ಎಂಬುದೇ ಈಗ ಮುಖ್ಯ. ಒಂದು ದಿನದಲ್ಲಿ ಸುರಿದದ್ದನ್ನು ಮುರಕಲ್ಲು ಕುಡಿಯಲಾರದು. ಹಳೆಯ ಪಂಚಾಂಗವೂ ಅಲುಗಾಡಿದೆ. ನವಂಬರಿನ ಕೊನೆಗೆ ಕಟ್ಟ ಕಟ್ಟಿದರೆ ದಶಂಬರದ ಮಳೆಗೆ ಹೋದೀತೆಂಬ ಭಯ, ಜನವರಿಗೆ ಕಾದರೆ ತೋಡಿನಲ್ಲಿ ನಿಲ್ಲಿಸಲು ನೀರಿಲ್ಲ.

ತೆಂಗಿನ ವಿಷಯದಲ್ಲಿ ಪೆಟ್ಟು ಇನ್ನೂ ಉದ್ದ. ಕಾಸರಗೋಡಿನ ತೆಂಗು ಸಂಶೋಧನಾ ಕೇಂದ್ರ 1916ರಲ್ಲಿ ಆರಂಭವಾದದ್ದು, ಈಗ ಅದು ಕೇಂದ್ರ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ. ಹೂಗೊನೆಯ ಮೊಳಕೆ ಮರದೊಳಗೆ ಮೂಡಿದಂದಿನಿಂದ ಕಾಯಿ ಬಲಿಯಲು ಸುಮಾರು 44 ತಿಂಗಳು ಬೇಕೆಂದು ವಿಜ್ಞಾನಿಗಳು ಹೇಳುತ್ತಾರೆ. ಹಾಗಾದರೆ ಒಂದು ಬೇಸಗೆಯ ಬರವನ್ನು ಮರ ಮೂರು ನಾಲ್ಕು ವರ್ಷ ನೆನಪಿಟ್ಟುಕೊಳ್ಳುತ್ತದೆ. ಬರ ಪರಿಹಾರದ ಅರ್ಜಿಗೆ ಕೊನೆಯ ದಿನಾಂಕ ಅಷ್ಟು ದೂರ ಇರುವುದಿಲ್ಲ.

ಹೊಸ ಪ್ರಯತ್ನಗಳೂ ಇಲ್ಲದಿಲ್ಲ. ಕೆಲವೆಡೆ ಮಣ್ಣಿನ ಬದಲು ಪ್ಲಾಸ್ಟಿಕ್ ಹಾಳೆ, ಮರಳು ಚೀಲ ಹಾಕಿ ಎರಡೇ ದಿನದಲ್ಲಿ ಕಟ್ಟ ಎಬ್ಬಿಸುತ್ತಾರೆ. ಮಳೆಯ ಸೂಚನೆ ಬಂದರೆ ಬಿಡಿಸಿಡುತ್ತಾರೆ. ಕಣ್ಣೂರು ಕಾಸರಗೋಡಿನ ಉಪ್ಪುನೀರಿನ ಕೈಪ್ಪಾಡು ಗದ್ದೆಗಳ ಭತ್ತಕ್ಕೆ ಭೌಗೋಳಿಕ ಮಾನ್ಯತೆ ಸಿಕ್ಕಿದೆ. ಕಡಲು ಒಳನುಗ್ಗುವ ಕಾಲಕ್ಕೆ ಅದರ ಬೆಲೆ ಹೆಚ್ಚೀತು. ಬೆಳ್ಳೂರಿನ ಕಡೆ ಬೇಳೇರಿಯ ಸತ್ಯನಾರಾಯಣರು 650ಕ್ಕೂ ಹೆಚ್ಚು ಭತ್ತದ ತಳಿಗಳನ್ನು ಕಾಪಾಡಿದ್ದಾರೆ. 2024ರಲ್ಲಿ ಅವರಿಗೂ ಪದ್ಮಶ್ರೀ ಬಂತು. ಅವರ ಬಳಿ ದೊಡ್ಡ ಬೈಲಿಲ್ಲ. ಕಾಗದದ ಲೋಟಗಳಲ್ಲಿ ಮೊಳೆ ಬರಿಸಿ, ಚೀಲಗಳಲ್ಲಿ ನೆಟ್ಟು, ತೆನೆ ಬಂದ ಮೇಲೆ ಕಾಳನ್ನು ಒಣಗಿಸಿ ಮರುವರ್ಷಕ್ಕೆ ತೆಗೆದಿಡುತ್ತಾರೆ. ಬ್ರಹ್ಮಾವರದ ಚೇರ್ಕಾಡಿ ರಾಮಚಂದ್ರ ರಾಯರಿಂದ ಒಂದು ಮುಷ್ಟಿಯಾಗಿ ಬಂದ ರಾಜಕಯಮೆಯಿಂದ ಅವರ ಸಂಗ್ರಹ ಆರಂಭವಾದದ್ದು. ಬೀಜ ಕೇಳಿ ಬಂದವರಿಗೆ ಕೊಡುತ್ತಾರೆ. ಬೆಟ್ಟಿಗೆ ಬೇಕೋ ಬೈಲಿಗೆ ಬೇಕೋ ಎಂದು ತಿಳಿದರೆ ಅದಕ್ಕೆ ತಕ್ಕ ತಳಿ ಅಲ್ಲಿದೆ.